ಕೆಲಸ ಹೋಯಿತು, ಈಗೇನು? ಮೊದಲ ದಿನದಿಂದ ಹೊಸ ಆಫರ್‌ವರೆಗೆ

ಓದುಗರು ಕೇಳುವುದು ಹೆಚ್ಚುಕಡಿಮೆ ಒಂದನ್ನೇ. "ಕಂಪನಿಯವರು ತೆಗೆದುಬಿಟ್ಟರು. ಮನೆಯಲ್ಲಿ ಇನ್ನೂ ಹೇಳಿಲ್ಲ. ಪಿಎಫ್ ತೆಗೆಯಲೋ ಬೇಡವೋ? ಧೈರ್ಯವಾಗಿರುವುದು ಹೇಗೆ?"

ಧೈರ್ಯ ಹೇಳುವವರಿಗೆ ಬರವಿಲ್ಲ, ಫೋನ್ ಎತ್ತಿದರೆ ನಾಲ್ಕು ಜನ ಸಿಗುತ್ತಾರೆ. ಆದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ ಎಂದೇ ಗೊತ್ತಿಲ್ಲದಿದ್ದರೆ ಯಾರು ಏನು ಹೇಳಿದರೂ ರಾತ್ರಿ ನಿದ್ದೆ ಹತ್ತುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಕಾಗದಪತ್ರ ಮತ್ತು ದುಡ್ಡಿನ ವಿಚಾರ ಮೊದಲು, ಮನಸ್ಸಿನ ವಿಚಾರ ಅದರ ನಂತರ, ಕೆಲಸ ಹುಡುಕುವುದು ಕೊನೆಗೆ. ಬಹಳ ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಅದೇ ಸಂಜೆ ನೂರು ಕಂಪನಿಗೆ ಅರ್ಜಿ ಹಾಕುತ್ತಾರೆ, ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಮಾಡಿರುತ್ತಾರೆ.

ಇದು ಮುಖ್ಯವಾಗಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳ ಖಾಸಗಿ ಕಂಪನಿಗಳಲ್ಲಿ ತಿಂಗಳ ಸಂಬಳಕ್ಕೆ ಇದ್ದವರಿಗಾಗಿ. ಕೈಯಳತೆಯಲ್ಲಿ ಇವಿಷ್ಟು ಇರಲಿ: ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ಪೇಸ್ಲಿಪ್, ಯುಎಎನ್ (ಪಿಎಫ್‌ನ ಹನ್ನೆರಡು ಅಂಕಿಯ ಖಾಯಂ ಸಂಖ್ಯೆ), ಆಧಾರ್ ಜೋಡಿಸಿದ ಮೊಬೈಲ್, ಗುಂಪು ಆರೋಗ್ಯ ವಿಮೆಯ ಕಾರ್ಡು, ಒಂದು ನೋಟ್‌ಬುಕ್.

ಹಂತ 1: ಮೀಟಿಂಗ್ ದಿನ ಯಾವುದಕ್ಕೂ ಸಹಿ ಬೇಡ

ಕ್ಯಾಲೆಂಡರ್‌ನಲ್ಲಿ ವಿಷಯವೇ ಬರೆಯದ ಹದಿನೈದು ನಿಮಿಷದ ಮೀಟಿಂಗ್, ಮ್ಯಾನೇಜರ್ ಜೊತೆಗೆ ಮುಖಪರಿಚಯವಿಲ್ಲದ ಎಚ್‌ಆರ್. ಎರಡನೇ ನಿಮಿಷಕ್ಕೆ ಬರುವ ಮಾತು: "ನೀವೇ ರಾಜೀನಾಮೆ ಹಾಕಿಬಿಡಿ, ರೆಕಾರ್ಡ್ ಕ್ಲೀನ್ ಆಗಿರುತ್ತೆ. ಸಂಜೆಯೊಳಗೆ ಪೋರ್ಟಲ್‌ನಲ್ಲಿ ಹಾಕಿದರೆ ನಿಮಗೇ ಒಳ್ಳೆಯದು."

ಆಗ ನೀವು ಹೇಳಬೇಕಾದದ್ದು ಇಷ್ಟೇ: "ಇದನ್ನೆಲ್ಲ ಬರವಣಿಗೆಯಲ್ಲಿ ಮೇಲ್ ಮಾಡಿ. ಓದಿ ನಾಳೆ ಉತ್ತರ ಕೊಡುತ್ತೇನೆ." ಜಗಳ ಬೇಡ, ಅಳುವೂ ಬೇಡ, ವಾದ ಮಾಡುವುದಂತೂ ಬೇಡವೇ ಬೇಡ. ಆ ಕೋಣೆಯಲ್ಲಿ ಕೂತವರಿಗೆ ತೀರ್ಮಾನ ಬದಲಿಸುವ ಅಧಿಕಾರ ಇರುವುದಿಲ್ಲ.

ರಾಜೀನಾಮೆ ಅಂತ ಬರೆದರೆ ಏನು, ಕಂಪನಿಯೇ ತೆಗೆದದ್ದು ಅಂತ ಬರೆದರೆ ಏನು ಅನ್ನಬೇಡಿ. ನಾಲ್ಕು ಕಡೆ ಲೆಕ್ಕ ಬದಲಾಗುತ್ತದೆ.

ಒಂದು, ಕೆಲಸದಿಂದ ತೆಗೆದದ್ದಕ್ಕೆ ಸಿಗುವ ಪರಿಹಾರ (ರಿಟ್ರೆಂಚ್‌ಮೆಂಟ್). ಕಾನೂನಿನ ಪ್ರಕಾರ 'ಕಾರ್ಮಿಕ' ಎನಿಸಿಕೊಂಡವರನ್ನು ಕಂಪನಿ ತನ್ನ ಕಾರಣಕ್ಕೆ ತೆಗೆದರೆ, ನೋಟಿಸ್ ಅವಧಿಯ ಜೊತೆಗೆ ಪೂರ್ತಿಯಾದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಕೊಡಬೇಕು. ನೀವೇ ರಾಜೀನಾಮೆ ಕೊಟ್ಟರೆ ಈ ಹಕ್ಕು ಕೈತಪ್ಪುತ್ತದೆ. ಇಲ್ಲಿ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸದ ಸ್ವರೂಪ ಮುಖ್ಯ. ವಿಸಿಟಿಂಗ್ ಕಾರ್ಡಿನಲ್ಲಿ 'ಲೀಡ್' ಅಂತ ಇದ್ದು, ದಿನವಿಡೀ ಕೋಡ್ ಬರೆಯುವವರ ಪ್ರಶ್ನೆ ಬೇರೆ; ರಜೆ ಮಂಜೂರು ಮಾಡಿ, ರೇಟಿಂಗ್ ಕೊಟ್ಟು ತಂಡ ನಡೆಸುವವರ ಪ್ರಶ್ನೆ ಬೇರೆ.

ಎರಡು, ಜಾಯಿನಿಂಗ್ ಬೋನಸ್ ವಾಪಸಾತಿ. "ಎರಡು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು" ಎಂಬ ಷರತ್ತು ಸಾಮಾನ್ಯವಾಗಿ ನೌಕರ ತಾನಾಗಿ ಬಿಟ್ಟಾಗ ಮಾತ್ರ ಅನ್ವಯಿಸುತ್ತದೆ. ನೇಮಕಾತಿ ಪತ್ರ ತೆಗೆದು ಆ ಸಾಲನ್ನು ಓದಿ.

ಮೂರು, ಉದ್ಯೋಗ ನಷ್ಟದ ವಿಮೆ. ಗೃಹಸಾಲದ ಜೊತೆಗೆ ಬ್ಯಾಂಕಿನವರು ಕಟ್ಟಿಸಿಕೊಂಡ ವಿಮೆಯಲ್ಲಿ ಕೆಲವೊಮ್ಮೆ ಕೆಲವು ಕಂತು ತುಂಬುವ ಸೌಲಭ್ಯ ಸೇರಿರುತ್ತದೆ. ರಾಜೀನಾಮೆಗೆ ಅದು ಸಿಗುವುದಿಲ್ಲ.

ನಾಲ್ಕು, ಪಿಎಫ್ ಮೇಲಿನ ತೆರಿಗೆ. ಅದು ಮುಂದೆ ಬರುತ್ತದೆ.

ಹಾಗೆಂದು ರಾಜೀನಾಮೆ ಕೊಡಲೇಬಾರದು ಅಂತಲ್ಲ. ಮೂರು ತಿಂಗಳ ಸಂಬಳ ಕೈಗೆ ಬರುವುದಾದರೆ ಅದು ಒಳ್ಳೆಯ ಚೌಕಾಸಿಯೇ. ಆದರೆ ಮೊತ್ತ, ಪಾವತಿಯ ದಿನಾಂಕ, ಆರೋಗ್ಯ ವಿಮೆ ಎಲ್ಲಿಯವರೆಗೆ, ಅನುಭವ ಪತ್ರದಲ್ಲಿ ಏನು ಬರೆಯುತ್ತಾರೆ, ಈ ನಾಲ್ಕೂ ಮೇಲ್‌ನಲ್ಲಿ ಬಂದ ಮೇಲೆ ಮಾತ್ರ ಬಟನ್ ಒತ್ತಿ. ದುಡ್ಡು ಹೆಚ್ಚಿಸಲು ಒಪ್ಪದವರೂ ಬೇರೆಯದಕ್ಕೆ ಒಪ್ಪುವುದುಂಟು: ವಿಮೆಯನ್ನು ಎರಡು ತಿಂಗಳು ಮುಂದುವರಿಸುವುದು, ನೋಟಿಸ್ ಅವಧಿಯಲ್ಲಿ ಕೆಲಸವಿಲ್ಲದೆ ಸಂಬಳ ಕೊಡುವುದು, ಕೊನೆಯ ದಿನವನ್ನು ಮುಂದಕ್ಕೆ ಹಾಕುವುದು. ಕೊನೆಯ ದಿನ ಏಕೆ ಎಂದು ಕೇಳಿದಿರಾ? ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಇನ್ನು ಮೂರು ವಾರ ಬೇಕಿದ್ದರೆ, ಆ ಮೂರು ವಾರವೇ ಲಕ್ಷ ರೂಪಾಯಿ.

ಒತ್ತಾಯದಿಂದ ಸಹಿ ಮಾಡಿಸಿಕೊಂಡರೆ ಅದೇ ದಿನ ನಿಮ್ಮ ವೈಯಕ್ತಿಕ ಮೇಲ್‌ನಿಂದ ಎಚ್‌ಆರ್‌ಗೆ, ನಡೆದದ್ದನ್ನು ಸಮಯ ಸಮೇತ ನಾಲ್ಕು ಸಾಲಲ್ಲಿ ಬರೆದು ಕಳಿಸಿ. ಮುಂದೆ ಕಾರ್ಮಿಕ ಇಲಾಖೆಗೆ ಹೋಗುವುದಾದರೆ (ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ) ಕೇಳುವುದು ಇಂಥ ಕಾಗದವನ್ನೇ. ಐಟಿಯವರಿಗೆ ದಾರಿ ತೋರಿಸಲು ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘವೂ (ಕೆಐಟಿಯು) ಇದೆ.

*ಎಚ್ಚರ:* ಸಿಟ್ಟಿನಲ್ಲಿ ಕಂಪನಿಯ ಫೈಲು, ಕೋಡು, ಗ್ರಾಹಕರ ಪಟ್ಟಿಯನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದು ತಕ್ಷಣ ಪತ್ತೆಯಾಗುತ್ತದೆ. ಪರಿಹಾರ ಕೊಡಬೇಕಿದ್ದವರ ಕೈಗೆ ನೀವೇ ನೆಪ ಕೊಟ್ಟಂತೆ. ಪೇಸ್ಲಿಪ್, ಮೌಲ್ಯಮಾಪನ ಪತ್ರ, ಪ್ರಶಂಸೆಯ ಮೇಲ್‌ನಂಥ ನಿಮ್ಮದೇ ಕಾಗದಗಳನ್ನು ಮಾತ್ರ ಇಳಿಸಿಕೊಳ್ಳಿ.

ಹಂತ 2: ಲಾಗಿನ್ ಮುಚ್ಚುವ ಮುನ್ನ

ಕೆಲವು ಕಂಪನಿಗಳಲ್ಲಿ ಲಾಗಿನ್ ಎರಡು ಗಂಟೆಯೊಳಗೆ ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ: ಬ್ಯಾಂಕ್, ಯುಎಎನ್, ಆದಾಯ ತೆರಿಗೆ, ವಿಮೆ, ಮ್ಯೂಚುವಲ್ ಫಂಡ್, ಲಿಂಕ್ಡ್‌ಇನ್, ಇವುಗಳಲ್ಲಿ ಎಲ್ಲೆಲ್ಲಿ ಆಫೀಸ್ ಮೇಲ್ ಅಥವಾ ಆಫೀಸ್ ಸಿಮ್ ಕೊಟ್ಟಿದ್ದೀರೋ ಅಲ್ಲೆಲ್ಲ ಸ್ವಂತದ್ದು ಹಾಕಿ. ಇದನ್ನು ಮರೆತವರು ಆಮೇಲೆ ಓಟಿಪಿಗಾಗಿ ಶಾಖೆಯಿಂದ ಶಾಖೆಗೆ ಅಲೆಯುತ್ತಾರೆ.

ಕಂಪನಿಯಿಂದ ಬರಬೇಕಾದವು: ಬಿಡುಗಡೆ ಪತ್ರ (ರಿಲೀವಿಂಗ್ ಲೆಟರ್), ಅನುಭವ ಪತ್ರ, ಅಂತಿಮ ಲೆಕ್ಕದ ಪಟ್ಟಿ, ಮತ್ತು ಎಲ್ಲರೂ ಫಾರ್ಮ್ 16 ಎನ್ನುವ ತೆರಿಗೆ ಕಡಿತದ ಪ್ರಮಾಣಪತ್ರ. ಲ್ಯಾಪ್‌ಟಾಪ್ ಕೊರಿಯರ್‌ನವರು ಬಂದಾಗ ಸೀರಿಯಲ್ ನಂಬರ್, ಚಾರ್ಜರ್ ಸಮೇತ ಫೋಟೊ ತೆಗೆದು ರಸೀದಿ ಇಟ್ಟುಕೊಳ್ಳಿ. 'ಚಾರ್ಜರ್ ಬಂದಿಲ್ಲ' ಎಂದು ಅಂತಿಮ ಲೆಕ್ಕದಲ್ಲಿ ಮುರಿಯುವುದು ಹೊಸದೇನಲ್ಲ.

ಇಸಾಪ್ (ಕಂಪನಿಯ ಷೇರು ಕೊಳ್ಳುವ ಹಕ್ಕು) ಇದ್ದವರು ಯೋಜನೆಯ ಪತ್ರ ಓದಿ. ನಿಮ್ಮದಾಗಿಬಿಟ್ಟ ಹಕ್ಕನ್ನೂ ಕೆಲಸ ಬಿಟ್ಟ ಮೇಲೆ ಇಂತಿಷ್ಟು ದಿನದೊಳಗೆ ಬಳಸಬೇಕೆಂಬ ಗಡುವು ಇರುತ್ತದೆ. ಅನೇಕ ಕಡೆ ಅದು 90 ದಿನ.

ಹಂತ 3: ನಿಮಗೆ ಎಷ್ಟು ಬರಬೇಕು?

ಅಂತಿಮ ಲೆಕ್ಕವನ್ನು ಎಚ್‌ಆರ್ ಕೊಟ್ಟ ಮೇಲೆ ನೋಡೋಣ ಅನ್ನಬೇಡಿ. ಮೊದಲು ನೀವೇ ಹಾಕಿ, ಆಮೇಲೆ ಅವರದಕ್ಕೆ ತಾಳೆ ನೋಡಿ.

ಬಾಕಿ ಸಂಬಳ: 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದರೂ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. "ನಲವತ್ತೈದು ದಿನ ಆಗುತ್ತೆ" ಎಂಬ ಹಳೆಯ ಪಾಠ ಒಪ್ಪಿಸಿದರೆ ಈ ನಿಯಮವನ್ನು ಮೇಲ್‌ನಲ್ಲಿ ನೆನಪಿಸಿ.

ಗ್ರಾಚ್ಯುಟಿ: ಖಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ನಿಗದಿತ ಅವಧಿಯ ಒಪ್ಪಂದದವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಸೂತ್ರ ಹೀಗಿದೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ × 15 ÷ 26 × ಸೇವೆಯ ವರ್ಷ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದೂ ಒಂದು ವರ್ಷ. ಮೂಲ ವೇತನ 50,000, ಸೇವೆ 7 ವರ್ಷ 8 ತಿಂಗಳು ಅಂದುಕೊಳ್ಳಿ. 50,000 × 15 ÷ 26 × 8, ಅಂದರೆ 2,30,769 ರೂಪಾಯಿ. 30 ದಿನದೊಳಗೆ ಬರಬೇಕು. 20 ಲಕ್ಷದವರೆಗೆ ತೆರಿಗೆಯಿಲ್ಲ.

ಉಳಿದ ಗಳಿಕೆ ರಜೆಯ ನಗದು, ನೋಟಿಸ್ ಅವಧಿಯ ಸಂಬಳ, ಬಾಕಿ ಖರ್ಚಿನ ಬಿಲ್ಲು, ಇವನ್ನೂ ಪಟ್ಟಿ ಮಾಡಿ. ಬಿಡುವಾಗ ಸಿಗುವ ರಜೆ ನಗದಿಗೆ ಖಾಸಗಿಯವರಿಗೂ ಒಟ್ಟು 25 ಲಕ್ಷದವರೆಗೆ ವಿನಾಯಿತಿ ಇದೆ. ಎಚ್‌ಆರ್ ಸಾಫ್ಟ್‌ವೇರ್ ಅದನ್ನು ಗಮನಿಸದೆ ತೆರಿಗೆ ಮುರಿದಿದ್ದರೆ ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು.

ಹಂತ 4: ಆರೋಗ್ಯ ವಿಮೆ, ಅದೂ ಇದೇ ವಾರ

ಕಂಪನಿಯ ಗುಂಪು ವಿಮೆ ಹೆಚ್ಚಾಗಿ ಕೊನೆಯ ಕೆಲಸದ ದಿನ ಮಧ್ಯರಾತ್ರಿಗೆ ಮುಗಿಯುತ್ತದೆ. ಅಪ್ಪ-ಅಮ್ಮನೂ ಅದರಲ್ಲೇ ಇದ್ದರೆ ಅವರದೂ ಮುಗಿಯಿತು. ಈ ಒಂದು ಹಂತವನ್ನು 'ಕೆಲಸ ಸಿಕ್ಕ ಮೇಲೆ ನೋಡೋಣ' ಎಂದು ಮುಂದೂಡಿದವರ ಉಳಿತಾಯ ಒಂದೇ ಆಸ್ಪತ್ರೆ ಬಿಲ್ಲಿಗೆ ಕರಗಿಹೋಗುತ್ತದೆ.

ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಆಗಲು ಅವಕಾಶವಿದೆ. ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ಕಾಯುವ ಅವಧಿ ಎಂದರೆ, ಸಕ್ಕರೆ ಕಾಯಿಲೆ, ಬಿಪಿಯಂಥ ಮೊದಲೇ ಇದ್ದ ತೊಂದರೆಗೆ ವಿಮೆ ಹಣ ಕೊಡದ ಆರಂಭದ ವರ್ಷಗಳು. ಹೊಸದಾಗಿ ಪಾಲಿಸಿ ತೆಗೆದುಕೊಂಡರೆ ಇದು ಮೂರು ವರ್ಷದವರೆಗೂ ಇರಬಹುದು. ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನವೂ ಏನೂ ಸಿಗುವುದಿಲ್ಲ. ಆದ್ದರಿಂದ ಗುಂಪು ವಿಮೆ ಜೀವಂತವಿರುವಾಗಲೇ ವಿಮಾ ಕಂಪನಿಗೆ ಬರೆಯಿರಿ, ಎಚ್‌ಆರ್‌ನಿಂದ 'ಇಷ್ಟು ವರ್ಷದಿಂದ ಸದಸ್ಯರು' ಎಂಬ ಪತ್ರ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲದಿರುವುದು ಸ್ವಲ್ಪ ಸಮಾಧಾನ.

ಪ್ರೀಮಿಯಂ ಹೆಚ್ಚಾಯಿತೆಂದು ಕಾಯಿಲೆ ಮುಚ್ಚಿಟ್ಟು ಅರ್ಜಿ ತುಂಬಬೇಡಿ. ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ.

ಇಎಸ್‌ಐ ಕಟ್ಟುತ್ತಿದ್ದವರು (ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಬಗ್ಗೆ ಶಾಖಾ ಕಚೇರಿಯಲ್ಲಿ ಕೇಳಿ. ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ ಕೊಡುವ ಯೋಜನೆ ಅದು. ಯೋಜನೆಯನ್ನು ಅವಧಿ ಅವಧಿಗೆ ವಿಸ್ತರಿಸುತ್ತಾ ಬಂದಿದ್ದಾರೆ, ಹಾಗಾಗಿ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡೇ ಅರ್ಜಿ ಹಾಕಿ. ಯುವನಿಧಿ ಬಗ್ಗೆ ಕೇಳುವವರೂ ಇದ್ದಾರೆ. ಅದು ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ, ಕೆಲಸ ಕಳೆದುಕೊಂಡವರಿಗಲ್ಲ.

ಹಂತ 5: ಎಷ್ಟು ತಿಂಗಳು ದೂಡಬಹುದು?

ನೋಟ್‌ಬುಕ್ ತೆಗೆಯಿರಿ. ಎಡಗಡೆ, ಒಂದು ವಾರದೊಳಗೆ ನಗದಾಗುವ ಹಣ ಮಾತ್ರ: ಉಳಿತಾಯ ಖಾತೆ, ಎಫ್‌ಡಿ, ಬರಲಿರುವ ಅಂತಿಮ ಲೆಕ್ಕ. ಸೈಟು, ಚಿನ್ನ, ಪಿಎಫ್ ಇಲ್ಲಿ ಬರೆಯಬೇಡಿ. ಬಲಗಡೆ, ಕಟ್ಟಲೇಬೇಕಾದ ಖರ್ಚು. ಬೆಂಗಳೂರಿನ ನಾಲ್ಕು ಜನರ ಬಾಡಿಗೆ ಮನೆಯೊಂದರ ಲೆಕ್ಕ ಹೀಗಿರಬಹುದು:

ಬಾಡಿಗೆ, ಮೇಂಟೆನೆನ್ಸ್: 26,000
ದಿನಸಿ, ಹಾಲು, ತರಕಾರಿ, ಗ್ಯಾಸ್: 14,000
ಕರೆಂಟು, ಇಂಟರ್‌ನೆಟ್, ಫೋನು: 3,500
ಶಾಲಾ ಫೀಸು (ವರ್ಷದ್ದನ್ನು 12ರಿಂದ ಭಾಗಿಸಿ): 8,000
ಹಿರಿಯರ ಔಷಧಿ: 4,000
ಕಾರಿನ ಕಂತು: 12,500
ಆರೋಗ್ಯ ವಿಮೆ (ಇದನ್ನೂ ಭಾಗಿಸಿ): 2,500
ಓಡಾಟ, ಇತರೆ: 4,500
ಒಟ್ಟು: 75,000

ಕೈಯಲ್ಲಿ 5,40,000 ಇದೆ ಅಂದುಕೊಂಡರೆ, ಮೊದಲು 90,000ವನ್ನು ಆಪತ್ತಿಗೆಂದು ಬೇರೆ ಖಾತೆಗೆ ಹಾಕಿ. ಉಳಿದ 4,50,000ವನ್ನು 75,000ದಿಂದ ಭಾಗಿಸಿದರೆ ಆರು ತಿಂಗಳು. ಈ ಅಂಕಿ ದೊಡ್ಡದೋ ಚಿಕ್ಕದೋ, ಅದು ಗೊತ್ತಾದ ರಾತ್ರಿಯಿಂದ ಚಿಂತೆಗೆ ಒಂದು ಎಲ್ಲೆ ಸಿಗುತ್ತದೆ. ಆರು ತಿಂಗಳಿದ್ದರೆ ಸಿಕ್ಕ ಮೊದಲ ಕೆಲಸಕ್ಕೇ ಒಪ್ಪಿಕೊಳ್ಳಬೇಕಿಲ್ಲ. ಎರಡೇ ತಿಂಗಳಿದ್ದರೆ ಮೂರನೇ ವಾರದಿಂದಲೇ ಗುತ್ತಿಗೆ ಕೆಲಸವನ್ನೂ ಹುಡುಕಬೇಕು.

ಸಾಮಾನ್ಯವಾಗಿ ತಪ್ಪುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ: ಶಾಲೆಯ ಕಂತು, ವಾಹನ ವಿಮೆ, ಊರ ಹಬ್ಬ. ಇನ್ನೊಂದು ಮಾತು. ಸಂಬಳದ ಖಾತೆಗೆ ಕೆಲವು ತಿಂಗಳು ಸಂಬಳ ಬರದಿದ್ದರೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿಸುತ್ತದೆ. ಆಗ ಕನಿಷ್ಠ ಮೊತ್ತ ಇಡದಿದ್ದರೆ ದಂಡ ಬೀಳಬಹುದು.

ಹಂತ 6: ಕಂತು ತಪ್ಪುವ ಮುಂಚೆ ಬ್ಯಾಂಕಿಗೆ ಹೋಗಿ

ಎರಡು ಕಂತು ಬೌನ್ಸ್ ಆದ ಮೇಲೆ ಹೋದರೆ ನಿಮ್ಮನ್ನು ವಸೂಲಿ ವಿಭಾಗಕ್ಕೆ ದೂಡುತ್ತಾರೆ. ಮೊದಲೇ ಹೋದರೆ ಸಾಲ ವಿಭಾಗದಲ್ಲಿ ಕೂರಿಸಿ ಮಾತಾಡುತ್ತಾರೆ. ಕೆಲಸ ಹೋದ ಪತ್ರ ಮತ್ತು ಮೇಲಿನ ಲೆಕ್ಕದ ಹಾಳೆ ಒಯ್ಯಿರಿ. ಕೇಳಬೇಕಾದ್ದು: ಅವಧಿ ಹೆಚ್ಚಿಸಿ ಕಂತು ಇಳಿಸಬಹುದೇ, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಬಹುದೇ? ಇದನ್ನು 'ಪುನರ್‌ರಚನೆ' ಎಂದು ಕ್ರೆಡಿಟ್ ವರದಿಯಲ್ಲಿ ದಾಖಲಿಸುತ್ತೀರಾ ಎಂದೂ ಕೇಳಿ. ದಾಖಲಾದರೆ ಮುಂದಿನ ಸಾಲಕ್ಕೆ ಅಡ್ಡಿ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕ (ಎನ್‌ಪಿಎ) ಆಗುತ್ತದೆ, ಅಲ್ಲಿಗೆ ಬಿಡಬೇಡಿ.

ಕ್ರೆಡಿಟ್ ಕಾರ್ಡಿನ 'ಕನಿಷ್ಠ ಪಾವತಿ' ಮಾತ್ರ ಕಟ್ಟುತ್ತಾ ಹೋಗುವುದು ಈ ಹೊತ್ತಿನ ಅತಿ ದುಬಾರಿ ತಪ್ಪು. ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3ಕ್ಕೂ ಹೆಚ್ಚು, ಅಂದರೆ ವರ್ಷಕ್ಕೆ ಶೇ 36ರ ಮೇಲೆ. ಎಫ್‌ಡಿಯಲ್ಲಿ ದುಡ್ಡಿದ್ದರೆ ಮುರಿದು ಕಾರ್ಡು ತೀರಿಸಿ. ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ತಂಟೆಗೆ ಹೋಗಬೇಡಿ. ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯೇ ಅವರ ಅಡಮಾನ. ತೀರಾ ಅಗತ್ಯವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಎಷ್ಟೋ ವಾಸಿ.

ಹಂತ 7: ಪಿಎಫ್ ತೆಗೆಯಬೇಕೇ?

ದೂಡುವ ತಿಂಗಳ ಲೆಕ್ಕ ನಾಲ್ಕಕ್ಕಿಂತ ಮೇಲಿದ್ದರೆ ಬೇಡ. ಕೆಲಸವಿಲ್ಲದಿದ್ದರೂ ಖಾತೆಗೆ ಬಡ್ಡಿ ಬರುತ್ತಲೇ ಇರುತ್ತದೆ; 2024-25ರ ದರ ಶೇ 8.25. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ಮೊತ್ತ 50,000 ದಾಟಿದರೆ ಮೂಲದಲ್ಲೇ ಶೇ 10 ಕಡಿತ, ಪ್ಯಾನ್ ಜೋಡಿಸದಿದ್ದರೆ ಇನ್ನೂ ಹೆಚ್ಚು. ಅನಾರೋಗ್ಯ, ಕಂಪನಿ ಮುಚ್ಚಿದ್ದು, ನೌಕರನ ಕೈಮೀರಿದ ಕಾರಣ, ಇವಕ್ಕೆ ತೆರಿಗೆ ವಿನಾಯಿತಿ ಇದೆ. ಮೊದಲ ಹಂತದಲ್ಲಿ ಪತ್ರದ ಒಕ್ಕಣೆಯ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೂ ಸೇರಿ. ಹಿಂದಿನ ಕಂಪನಿಗಳ ಪಿಎಫ್ ಇದಕ್ಕೇ ವರ್ಗಾವಣೆ ಆಗಿದ್ದರೆ ಐದು ವರ್ಷದ ಲೆಕ್ಕಕ್ಕೆ ಅದೂ ಸೇರುತ್ತದೆ.

ಎಷ್ಟು ತೆಗೆಯಬಹುದು ಎಂಬುದು ಬದಲಾಗುತ್ತಿದೆ. ಹಳೆಯ ನಿಯಮದಲ್ಲಿ ಒಂದು ತಿಂಗಳ ನಿರುದ್ಯೋಗಕ್ಕೆ ಶೇ 75, ಎರಡು ತಿಂಗಳಿಗೆ ಪೂರ್ತಿ. 2025ರ ಅಕ್ಟೋಬರ್ 13ರಂದು ಇಪಿಎಫ್‌ಒದ ಕೇಂದ್ರ ಟ್ರಸ್ಟಿಗಳ ಮಂಡಳಿ ಕೈಗೊಂಡ ತೀರ್ಮಾನದಲ್ಲಿ ಶೇ 75 ತಕ್ಷಣವೇ, ಉಳಿದ ಶೇ 25 ಹನ್ನೆರಡು ತಿಂಗಳ ನಿರುದ್ಯೋಗದ ನಂತರ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಕಾಣುವ ಆಯ್ಕೆಯನ್ನೇ ನಂಬಿ, ವಾಟ್ಸ್‌ಆ್ಯಪ್ ಫಾರ್ವರ್ಡ್ ಅಲ್ಲ.

ಎಲ್ಲರೂ ಸಿಕ್ಕಿಬೀಳುವ ಜಾಗ 'ನಿರ್ಗಮನ ದಿನಾಂಕ'. ಕಂಪನಿ ಅದನ್ನು ನಮೂದಿಸದಿದ್ದರೆ ಪೂರ್ತಿ ಹಣ ತೆಗೆಯುವುದೂ ಆಗುವುದಿಲ್ಲ, ವರ್ಗಾವಣೆಯೂ ಆಗುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಯುಎಎನ್ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ಆಧಾರ್ ಓಟಿಪಿ ಬಳಸಿ ನೀವೇ ನಮೂದಿಸಬಹುದು. ಬಿಡುಗಡೆ ಪತ್ರದಲ್ಲಿರುವ ದಿನಾಂಕವನ್ನೇ ಹಾಕಿ. ಒಮ್ಮೆ ತಪ್ಪಿದರೆ ಸರಿಮಾಡಿಸುವುದು ದೊಡ್ಡ ರಗಳೆ. ಪಿಂಚಣಿ ಭಾಗವನ್ನು ಅವಸರದಲ್ಲಿ ತೆಗೆದು ಸೇವಾವಧಿ ಕಳೆದುಕೊಳ್ಳಬೇಡಿ. ಪಿಂಚಣಿಗೆ ಒಟ್ಟು ಹತ್ತು ವರ್ಷ ಬೇಕು.

ಹಂತ 8: ಮನೆಯಲ್ಲಿ ಹೇಳುವುದು, ದಿನ ಕಳೆಯುವುದು

ದಿನಾ ಬ್ಯಾಗು ಹಾಕಿಕೊಂಡು ಹೊರಟು ಕಾಫಿ ಅಂಗಡಿಯಲ್ಲೋ ಪಾರ್ಕಿನಲ್ಲೋ ಕೂತು ಸಂಜೆ ಬರುವವರಿದ್ದಾರೆ. ಕೆಲಸ ಹೋದ ದುಃಖಕ್ಕಿಂತ ಈ ನಾಟಕದ ಸುಸ್ತು ಹೆಚ್ಚು. ಗಂಡ ಅಥವಾ ಹೆಂಡತಿಗೆ ಅದೇ ದಿನ ಹೇಳಿ. ಅಪ್ಪ-ಅಮ್ಮನಿಗೆ ಲೆಕ್ಕದ ಹಾಳೆ ಸಿದ್ಧವಾದ ಮೇಲೆ ಹೇಳಿದರೂ ಸಾಕು. "ಅಪ್ಪಾ, ಕಂಪನಿಯಲ್ಲಿ ನಮ್ಮ ತಂಡವನ್ನೇ ತೆಗೆದರು. ಆರು ತಿಂಗಳಿಗೆ ದುಡ್ಡಿದೆ, ವಿಮೆ ಮಾಡಿಸಿದ್ದೇನೆ, ಹುಡುಕುತ್ತಿದ್ದೇನೆ. ನೀವು ಮಾತ್ರ ಈಗಲೇ ಎಲ್ಲರಿಗೂ ಹೇಳಬೇಡಿ." ಇಷ್ಟಕ್ಕೆ ಹಿರಿಯರ ಅರ್ಧ ಆತಂಕ ಇಳಿಯುತ್ತದೆ. ಮಕ್ಕಳಿಗೂ ಸುಳ್ಳು ಬೇಡ. "ಕೆಲವು ತಿಂಗಳು ಹೊರಗಡೆ ತಿನ್ನುವುದು ಕಡಿಮೆ, ಶಾಲೆ ಹಾಗೇ ಇರುತ್ತೆ" ಎಂದರೆ ಸಾಕು. ಮದುವೆ ಮನೆಯಲ್ಲಿ "ಈಗೆಲ್ಲಿದ್ದೀಯಪ್ಪಾ?" ಎಂದು ಕೇಳುವ ಚಿಕ್ಕಪ್ಪನಿಗೆ "ಬೇರೆ ಕಡೆ ನೋಡ್ತಾ ಇದೀನಿ" ಎಂದರೆ ಅದು ಸುಳ್ಳಲ್ಲ, ಪೂರ್ತಿ ಕಥೆಯೂ ಅಲ್ಲ.

ದಿನಚರಿಗೆ ಮೂರೇ ಮೊಳೆ ಹೊಡೆಯಿರಿ: ಏಳುವ ಹೊತ್ತು, ಮನೆಯಿಂದ ಹೊರಗೆ ಅರ್ಧ ಗಂಟೆ ನಡಿಗೆ, ಹುಡುಕಾಟ ನಿಲ್ಲಿಸುವ ಹೊತ್ತು. ಮೂರನೆಯದೇ ಮುಖ್ಯ. ಬೆಳಗ್ಗೆ ಒಂಬತ್ತೂವರೆಯಿಂದ ಒಂದೂವರೆವರೆಗೆ ಹುಡುಕಾಟ, ಮಧ್ಯಾಹ್ನ ಎರಡು ಗಂಟೆ ಕಲಿಕೆ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ರಾತ್ರಿ ಹನ್ನೊಂದಕ್ಕೆ ಲಿಂಕ್ಡ್‌ಇನ್ ತೆರೆದರೆ ಕಾಣುವುದು ಬೇರೆಯವರ ಬಡ್ತಿ. ಅದರಿಂದ ಯಾರಿಗೂ ಕೆಲಸ ಸಿಕ್ಕಿಲ್ಲ.

'ಪಾಸಿಟಿವ್ ಆಗಿರು' ಎನ್ನುವ ಉಪದೇಶದಲ್ಲಿ ಒಂದು ಮೋಸವಿದೆ. ಬೇಜಾರಾಗುವುದೇ ತಪ್ಪು ಎಂಬಂತೆ ಅದು ಕೇಳಿಸುತ್ತದೆ. ಮೊದಲ ಎರಡು ವಾರ ಸಿಟ್ಟು, ನಾಚಿಕೆ, ವಿನಾಕಾರಣ ಅಳು ಬರುವುದು ಸಹಜ. ಕಂಪನಿ ತೆಗೆದದ್ದು ಹುದ್ದೆಯನ್ನು, ಆದರೆ ಮನಸ್ಸು ಅದನ್ನು 'ನಾನೇ ಸಾಲದವನು' ಎಂದು ಓದಿಕೊಳ್ಳುತ್ತದೆ. ಇದಕ್ಕೆ ಕೆಲಸಕ್ಕೆ ಬರುವ ಉಪಾಯವೆಂದರೆ ಫಲಿತಾಂಶದ ಬದಲು ಮಾಡಿದ ಕೆಲಸವನ್ನು ಎಣಿಸುವುದು. ಆಫರ್ ಬರುವುದು ನಿಮ್ಮ ಕೈಯಲ್ಲಿಲ್ಲ. ಈ ವಾರ ಐದು ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡುವುದು ನಿಮ್ಮ ಕೈಯಲ್ಲಿದೆ. ಶನಿವಾರ ಆ ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಎರಡು ವಾರ ದಾಟಿದರೂ ನಿದ್ದೆ, ಹಸಿವು ಸರಿಹೋಗದಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಉಚಿತ, ಹಗಲು ರಾತ್ರಿ ಇರುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯರು ಇದ್ದಾರೆ. ಆ ಯೋಚನೆ ಬಂದ ರಾತ್ರಿ ಒಬ್ಬರೇ ಇರಬೇಡಿ, ಯಾರನ್ನಾದರೂ ಜೊತೆಗೆ ಕರೆಸಿಕೊಳ್ಳಿ.

ಹಂತ 9: ಹುಡುಕಾಟ

ರೆಸ್ಯೂಮೆ ಎರಡು ಪುಟ ಮೀರದಿರಲಿ. ಎರಡು ಕಾಲಮ್ಮಿನ ಚಂದದ ವಿನ್ಯಾಸ, ಫೋಟೊ, ನಕ್ಷತ್ರ ಗುರುತಿನ ಕೌಶಲ್ಯಪಟ್ಟಿ ಬೇಡ. ಅರ್ಜಿ ಸೋಸುವ ಸಾಫ್ಟ್‌ವೇರ್ ಇವನ್ನು ಗಲಿಬಿಲಿಯಾಗಿ ಓದುತ್ತದೆ. ಪ್ರತಿ ಕೆಲಸದ ಕೆಳಗೆ ಜವಾಬ್ದಾರಿಯ ಬದಲು ಪರಿಣಾಮ ಬರೆಯಿರಿ. 'ವರದಿ ತಯಾರಿಸುತ್ತಿದ್ದೆ' ಎನ್ನುವುದಕ್ಕಿಂತ 'ಎರಡು ದಿನ ಹಿಡಿಯುತ್ತಿದ್ದ ತಿಂಗಳ ವರದಿಯನ್ನು ಮೂರು ಗಂಟೆಗೆ ಇಳಿಸಿದೆ' ಎಂಬುದಕ್ಕೆ ತೂಕ ಹೆಚ್ಚು. ಅಂಕಿ ನಿಜವಿರಲಿ, ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ನೌಕ್ರಿಯಂಥ ತಾಣಗಳಲ್ಲಿ ಇತ್ತೀಚೆಗೆ ತಿದ್ದಿದ ಪ್ರೊಫೈಲು ನೇಮಕ ಮಾಡುವವರ ಕಣ್ಣಿಗೆ ಬೇಗ ಬೀಳುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದು ಸಾಲಾದರೂ ಬದಲಿಸಿ ಉಳಿಸಿ. ನೋಟಿಸ್ ಅವಧಿಯ ಜಾಗದಲ್ಲಿ 'ತಕ್ಷಣ ಸೇರಬಲ್ಲೆ' ಎಂದು ಹಾಕಿ. ಬೇರೆಯವರು 90 ದಿನ ಕಾಯಿಸುವ ಊರಿನಲ್ಲಿ ಇದೊಂದು ನಿಮಗಿರುವ ನಿಜವಾದ ಅನುಕೂಲ. ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಮತ್ತು ಕರ್ನಾಟಕದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿ, ಅರ್ಧ ಗಂಟೆಯ ಕೆಲಸ.

ಆದರೆ ಹೊತ್ತಿನ ಬಹುಪಾಲು ಪರಿಚಯದವರಿಗೇ ಮೀಸಲಿಡಿ. "ಏನಾದರೂ ಇದ್ದರೆ ಹೇಳಿ" ಎಂದರೆ ಯಾರೂ ಏನೂ ಮಾಡಲಾರರು. ಬದಲಿಗೆ: "ನಿಮ್ಮ ಕಂಪನಿಯ ಈ ಹುದ್ದೆ ನೋಡಿದೆ, ಜಾಬ್ ಐಡಿ ಇದು, ರೆಸ್ಯೂಮೆ ಜೊತೆಗಿದೆ. ನನ್ನನ್ನು ರೆಫರ್ ಮಾಡಲು ಆಗುತ್ತಾ ಸರ್?" ಎಂದು ಕೇಳಿ. ಎದುರಿನವರಿಗೆ ಐದು ನಿಮಿಷದ ಕೆಲಸವಾಗಿರಬೇಕು.

"ಯಾಕೆ ಬಿಟ್ಟಿರಿ?" ಎಂಬ ಪ್ರಶ್ನೆಗೆ ಎರಡು ವಾಕ್ಯ ಸಾಕು. "ಕಂಪನಿ ಆ ಪ್ರಾಜೆಕ್ಟನ್ನು ನಿಲ್ಲಿಸಿತು, ನಮ್ಮ ತಂಡದ ಹುದ್ದೆಗಳು ಹೋದವು. ಅಲ್ಲಿ ನಾನು ಮಾಡಿದ ಇಂಥ ಕೆಲಸ ನಿಮ್ಮ ಈ ಹುದ್ದೆಗೆ ನೇರವಾಗಿ ಬೇಕಾದದ್ದು." ಮೂರನೆಯ ವಾಕ್ಯದಲ್ಲಿ ಹಳೆಯ ಮ್ಯಾನೇಜರ್‌ನ ಪುರಾಣ ಶುರುವಾಗುತ್ತದೆ, ಅಷ್ಟರಲ್ಲಿ ನಿಲ್ಲಿಸಿ. ಕನ್ನಡಿ ಮುಂದೆಯಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ದನಿಯಲ್ಲಿ ಸಿಟ್ಟು ಉಳಿದಿದ್ದರೆ ಗೊತ್ತಾಗುತ್ತದೆ.

ಸಂಬಳದ ಕೆಳಮಿತಿಯನ್ನು ಮೊದಲೇ ನಿರ್ಧರಿಸಿ. ಐದನೇ ಹಂತದ ಖರ್ಚಿನ ಮೊತ್ತಕ್ಕಿಂತ ಕೈಗೆ ಬರುವ ಸಂಬಳ ಕಡಿಮೆಯಾದರೆ ಆ ಕೆಲಸ ಸಾಲದ ಕಡೆಗೇ ಎಳೆಯುತ್ತದೆ. ಹಳೆಯ ಸಂಬಳಕ್ಕಿಂತ ಕಡಿಮೆ, ಆದರೆ ಖರ್ಚಿಗೆ ಮೇಲೆ ಎಂದಾದರೆ ಯೋಚಿಸಬಹುದು. ಕಲಿಕೆಗೆ ಒಂದೇ ವಿಷಯ ಆರಿಸಿ. ನೀವು ಹಾಕುವ ಹತ್ತು ಹುದ್ದೆಗಳ ಜಾಹೀರಾತು ಮುಂದಿಟ್ಟುಕೊಂಡು, ಪದೇ ಪದೇ ಬರುವ, ನಿಮಗೆ ಬಾರದ ಕೌಶಲ ಯಾವುದೋ ಅದನ್ನೇ. ಲಕ್ಷ ರೂಪಾಯಿ ಬೂಟ್‌ಕ್ಯಾಂಪಿಗೆ ಸಾಲ ಮಾಡಿ ಸೇರುವ ಹೊತ್ತು ಇದಲ್ಲ.

*ಎಚ್ಚರ:* ಕೆಲಸ ಕಳೆದುಕೊಂಡವರ ಸುತ್ತ ಒಂದು ದಂಧೆಯೇ ನಡೆಯುತ್ತದೆ. ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ, 'ವೆರಿಫಿಕೇಶನ್' ಹಣ ಕೇಳುವ ಆಫರ್ ಖಂಡಿತ ನಕಲಿ. ಟೆಲಿಗ್ರಾಂನಲ್ಲಿ ರೇಟಿಂಗ್ ಕೊಟ್ಟು ದುಡ್ಡು ಗಳಿಸಿ ಎನ್ನುವುದೂ ಅದೇ ಜಾತಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೊದಲ ಕೆಲವು ಗಂಟೆಗಳಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. 'ಬ್ಯಾಕ್‌ಡೋರ್' ಕೆಲಸ, ನಕಲಿ ಅನುಭವ ಪತ್ರ ಮಾಡಿಕೊಡುವ ಕನ್ಸಲ್ಟೆನ್ಸಿಗಳೂ ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಹಿನ್ನೆಲೆ ತಪಾಸಣೆಯಲ್ಲಿ ಪಿಎಫ್ ಸೇವಾ ಇತಿಹಾಸ ನೋಡಿದರೆ ಸಾಕು, ಯಾವ ತಿಂಗಳು ಎಲ್ಲಿದ್ದಿರಿ ಎಂಬುದು ಬಯಲಾಗುತ್ತದೆ. ನಾಲ್ಕು ತಿಂಗಳ ಖಾಲಿ ಜಾಗಕ್ಕೆ ಉತ್ತರ ಕೊಡಬಹುದು, ಸುಳ್ಳು ಪತ್ರಕ್ಕೆ ಆಗುವುದಿಲ್ಲ.

ಹಂತ 10: ಆಫರ್ ಬಂದಾಗ

ಬಾಯಿಮಾತಿನ ಒಪ್ಪಿಗೆಗೆ ಉಳಿದ ಸಂದರ್ಶನಗಳನ್ನು ರದ್ದು ಮಾಡಬೇಡಿ. ಸೇರುವ ದಿನಾಂಕವಿರುವ ಪತ್ರ ಬರಲಿ. ಗುತ್ತಿಗೆ ಕೆಲಸವಾದರೆ ಯಾರ ಪೇರೋಲ್, ಪಿಎಫ್ ಉಂಟೇ, ಎಷ್ಟು ತಿಂಗಳು ಎಂಬುದು ಅದರಲ್ಲಿರಬೇಕು.

ಸೇರಿದ ದಿನ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಹೊಸದು ಮಾಡಿಸಿಕೊಳ್ಳಬೇಡಿ. ಅದೇ ಆರ್ಥಿಕ ವರ್ಷದಲ್ಲಿ ಸೇರಿದ್ದರೆ ಹಿಂದಿನ ಕಂಪನಿಯ ಸಂಬಳ ಮತ್ತು ತೆರಿಗೆ ಕಡಿತದ ವಿವರವನ್ನೂ ಹೊಸ ಎಚ್‌ಆರ್‌ಗೆ ಕೊಡಿ. ಕೊಡದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ವಿನಾಯಿತಿ ಲೆಕ್ಕ ಹಾಕಿ ತೆರಿಗೆ ಕಡಿಮೆ ಮುರಿಯುತ್ತಾರೆ, ರಿಟರ್ನ್ಸ್ ಹೊತ್ತಿಗೆ ದೊಡ್ಡ ಮೊತ್ತ ಬಡ್ಡಿ ಸಮೇತ ನಿಮ್ಮ ತಲೆಗೆ ಬರುತ್ತದೆ. ಇದರ ಉಲ್ಟಾ ಕೂಡ ಉಂಟು. ವರ್ಷದಲ್ಲಿ ಆರು ತಿಂಗಳೇ ಸಂಬಳ ಬಂದು, ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗೆ ನಿಂತಿದ್ದರೆ, ಈಗಾಗಲೇ ಮುರಿದ ತೆರಿಗೆ ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಕೆಲಸವಿಲ್ಲದ ವರ್ಷವೆಂದು ರಿಟರ್ನ್ಸ್ ಬಿಟ್ಟವರು ಈ ಹಣವನ್ನು ಬಿಟ್ಟಂತೆ.

ಹೊಸ ಕಂಪನಿ ಗುಂಪು ವಿಮೆ ಕೊಟ್ಟರೂ, ನೀವು ಈ ನಡುವೆ ಮಾಡಿಸಿದ ಸ್ವಂತ ಆರೋಗ್ಯ ಪಾಲಿಸಿಯನ್ನು ನವೀಕರಿಸುತ್ತಾ ಹೋಗಿ.